ಚುಕ್ಕಿಯನ್ನು ಇನ್ನೊಂದಿಷ್ಟು ದಿನ ಓಡಲು ಬಿಡು

ಪ್ರಿಯ ರಂಗನಾಥ,

ನೀನು ಕಳಿಸಿದ ವಿಡಿಯೋ ಮತ್ತೆ ಮತ್ತೆ ನೋಡಿದೆ. ರಾಗಿ ಕೂಳೆ ಹೊಲದಲ್ಲಿ ಚುಕ್ಕಿ ಎಷ್ಟು ಚೆನ್ನಾಗಿ ಓಡುತ್ತದೆ! ಮೂಗು ಮೇಲೆತ್ತಿ, ಗಾಳಿ ಕುಡಿಯುತ್ತಾ, ಈ ಬದುವಿನಿಂದ ಆ ಬದುವಿಗೆ. ಹಕ್ಕಿಯ ವಾಸನೆ ಹಿಡಿದು ನಿಂತು ತೋರಿಸುವ ಪಾಯಿಂಟರ್ ಜಾತಿಯ ಏಳು ತಿಂಗಳ ನಾಯಿಮರಿಯಲ್ಲಿ ಇಂಥ ಹುರುಪು ಕಾಣುವುದೇ ಒಂದು ಭಾಗ್ಯ. ಆದರೆ ಹಿಂದಿನಿಂದ ನಿನ್ನ ದನಿಯೂ ಕೇಳಿಸಿತು. "ಚುಕ್ಕಿ ಬಾ, ಚುಕ್ಕಿ ನಿಲ್ಲು, ಚುಕ್ಕಿ ಬೇಡ." ಕೊನೆಗೆ ಅದು ತಲೆ ತಗ್ಗಿಸಿಕೊಂಡು ನಿನ್ನ ಕಾಲ ಹತ್ತಿರ ಬಂದು ನಿಂತಿತು. "ನೋಡು, ಎಷ್ಟು ಮಾತು ಕೇಳುತ್ತೆ" ಎಂದು ನೀನು ಖುಷಿಯಿಂದ ಬರೆದಿದ್ದೀಯ. ನನಗೆ ಅದು ತಲೆ ತಗ್ಗಿಸಿದ್ದೇ ಕಣ್ಣಲ್ಲಿ ಉಳಿಯಿತು ಮಾರಾಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಬರೆಯಲು ಕೂತೆ. ನಮ್ಮ ಕಡೆ ಇನ್ನೂ ಕೆಲವರು ಇಂಥ ಮರಿ ತಂದು, ಈಗಲೇ ತರಬೇತಿಗೆ ಕಳಿಸಬೇಕಾ ಎಂದು ನಿನ್ನ ಹಾಗೇ ಕೇಳುತ್ತಿದ್ದಾರೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಅಭ್ಯಂತರ ಇಲ್ಲ ತಾನೇ?

ನೀನು ನೋಡಿ ಮರುಳಾದ, ಅಮೆರಿಕದ ಟೆನೆಸ್ಸಿಯ ನಾಯಿ ಪಂದ್ಯ ನನಗೂ ಪ್ರಿಯವೇ. ಗ್ರ್ಯಾಂಡ್ ಜಂಕ್ಷನ್ ಊರಿನ ಹತ್ತಿರ ಏಮ್ಸ್ ಪ್ಲಾಂಟೇಶನ್ ಎಂಬ ದೊಡ್ಡ ಎಸ್ಟೇಟಿನಲ್ಲಿ ನಡೆಯುವ ನ್ಯಾಷನಲ್ ಚಾಂಪಿಯನ್‌ಶಿಪ್ ಅದು. ನಾಯಿಗಳನ್ನು ಜೋಡಿಯಾಗಿ ಬಿಡುತ್ತಾರೆ, ಮೂರು ಗಂಟೆ ಓಡಬೇಕು. ತೀರ್ಪುಗಾರರು ಕುದುರೆ ಮೇಲೆ ಹಿಂಬಾಲಿಸುತ್ತಾರೆ. ಬಾಬ್‌ವೈಟ್ ಎಂಬ, ನಮ್ಮ ಬುರ್ಲಿಯಂಥ ಹಕ್ಕಿಯ ವಾಸನೆ ಸಿಕ್ಕಿದ ಕೂಡಲೇ ನಾಯಿ ನಿಂತಲ್ಲೇ ನಿಲ್ಲಬೇಕು, ಇದೇ ಪಾಯಿಂಟ್ ಮಾಡುವುದು. ನಾಯಿಯನ್ನು ಓಡಿಸುವವನು ಬಂದು ಹಕ್ಕಿ ಎಬ್ಬಿಸುತ್ತಾನೆ. ಹಕ್ಕಿ ಪುರ್ರನೆ ಏಳುತ್ತದೆ, ಗುಂಡಿಲ್ಲದ ಪಿಸ್ತೂಲು ಢಂ ಎನ್ನುತ್ತದೆ. ಹಕ್ಕಿ ತನ್ನ ಪಾಡಿಗೆ ಹಾರಿಹೋಗುತ್ತದೆ. ನಾಯಿ ಮಾತ್ರ ಒಂದು ಹೆಜ್ಜೆ ಕಿತ್ತಿಡಬಾರದು. ಜೊತೆಯ ನಾಯಿ ಮೊದಲೇ ನಿಂತದ್ದು ಕಂಡರೆ, ತನಗೆ ವಾಸನೆ ಬರದಿದ್ದರೂ ಅದನ್ನು ನಂಬಿ ತಾನೂ ನಿಲ್ಲಬೇಕು. ಇದಕ್ಕೆ ಬ್ಯಾಕಿಂಗ್ ಎನ್ನುತ್ತಾರೆ. ನನಗಂತೂ ಇಡೀ ಪಂದ್ಯದಲ್ಲಿ ಇದಕ್ಕಿಂತ ಚಂದದ್ದು ಬೇರೆ ಇಲ್ಲ.

ಆದರೆ ಅವೆಲ್ಲ ಬೆಳೆದು, ಪಳಗಿದ ನಾಯಿಗಳು. ಮರಿಗಳಿಗೆ ಅಲ್ಲಿ ಪಂದ್ಯವೇ ಬೇರೆ, ನೀನು ಗಮನಿಸಬೇಕಾದ್ದು ಅದನ್ನು. ಅಮೆರಿಕನ್ ಕೆನೆಲ್ ಕ್ಲಬ್ಬಿನ ನಿಯಮದಲ್ಲಿ 6ರಿಂದ 15 ತಿಂಗಳ ಮರಿಗಳಿಗೆ ಪಪ್ಪಿ ಸ್ಟೇಕ್, 6ರಿಂದ 24 ತಿಂಗಳವರೆಗಿನ ನಾಯಿಗಳಿಗೆ ಡರ್ಬಿ. ಪಪ್ಪಿ ಸ್ಟೇಕಿನಲ್ಲಿ ಮರಿ ಗಟ್ಟಿಯಾಗಿ ನಿಂತಿತು ಎಂದು ಜಾಸ್ತಿ ಅಂಕ ಕೊಡುವುದಿಲ್ಲ. ಹುಡುಕುವ ಆಸೆ ಇದೆಯಾ, ಧೈರ್ಯ ಇದೆಯಾ, ತಾನಾಗಿ ಮುಂದೆ ನುಗ್ಗುತ್ತದಾ ಎಂದು ನೋಡುತ್ತಾರೆ. ಡರ್ಬಿಯಲ್ಲಿ ಪಾಯಿಂಟ್ ಮಾಡಲೇಬೇಕು, ಆದರೆ ಹಕ್ಕಿ ಎದ್ದ ಮೇಲೂ ಅಲುಗದೆ ನಿಲ್ಲಬೇಕು ಎಂಬ ಕಟ್ಟುನಿಟ್ಟಿಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಸೌತಿಲ್‌ನಲ್ಲಿ 1865ರಲ್ಲಿ ಪಾಯಿಂಟರ್, ಸೆಟರ್ ನಾಯಿಗಳಿಗೆ ಮೊದಲ ಫೀಲ್ಡ್ ಟ್ರಯಲ್, ಅಂದರೆ ಇಂಥ ಬಯಲಿನ ಪಂದ್ಯ, ನಡೆಯಿತು. ಅಂದಿನಿಂದ ನಾಯಿ ಓಡಿಸಿಕೊಂಡು ಬಂದವರು ಏಳು ತಿಂಗಳ ಮರಿಯಿಂದ ಕೇಳದ್ದನ್ನು ನೀನು ಚುಕ್ಕಿಯಿಂದ ಕೇಳುತ್ತಿದ್ದೀಯ. ಹಾಲುಹಲ್ಲಿನ ಕರುವಿಗೆ ನಿಮ್ಮೂರಲ್ಲಿ ಯಾರಾದರೂ ನೊಗ ಹೂಡುತ್ತಾರಾ? ಅಮೃತಮಹಲ್ ಹೋರಿ ಕಟ್ಟಿದ ಮನೆತನ ನಿಮ್ಮದು, ನಿನಗೆ ನಾನು ಹೇಳಬೇಕಾ?

ಒಂದು ವಿಷಯ ಮನಸ್ಸಿಗೆ ತಂದುಕೋ. ಪಾಯಿಂಟ್ ಮಾಡುವುದನ್ನು ನಾವು ಕಲಿಸುವುದಿಲ್ಲ, ಅದು ರಕ್ತದಲ್ಲೇ ಬರುತ್ತದೆ. ಬೇಟೆಯಾಡುವ ಪ್ರಾಣಿ ಮೇಲೆ ಬೀಳುವ ಮುಂಚೆ ಒಂದು ಗಳಿಗೆ ತಡೆಯುತ್ತದೆ, ಅಲ್ವಾ? ಆ ತಡೆ ಉದ್ದವಾಗಿದ್ದ ನಾಯಿಗಳನ್ನೇ ಆರಿಸಿ ಆರಿಸಿ, ತಲೆಮಾರುಗಟ್ಟಲೆ ಮರಿ ಮಾಡಿಸಿ ಈ ಜಾತಿ ಬಂದಿದೆ. ನಿಂತದ್ದನ್ನು ನಿಂತಂತೆ ಉಳಿಸಿಕೊಳ್ಳುವುದು, ಅದನ್ನು ನಾವು ಕಲಿಸಬಹುದು. ಒಂದು ವರ್ಷ ದಾಟಿದ ಮೇಲೆ ನಿಧಾನವಾಗಿ ಕಲಿಸಿದರೂ ನಡೆಯುತ್ತದೆ. ಆದರೆ ಹುಡುಕಬೇಕೆಂಬ ಆಸೆಯನ್ನು ಯಾವ ಟ್ರೈನರ್ ಕೂಡ ಹೊರಗಿನಿಂದ ತುಂಬಲಾರ. ಅದು ಆರಿಹೋದರೆ ನಿನ್ನ ಹತ್ತಿರ ಉಳಿಯುವುದು ಮಾತು ಕೇಳುವ ಒಂದು ನಾಯಿ, ಅಷ್ಟೇ. ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಈಗಲೇ ಕಳಿಸುವುದು ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಂತ ಸುಮ್ನೆ ಬಿಟ್ಟುಬಿಡು ಎನ್ನುತ್ತಿಲ್ಲ. ಈಗ ಎರಡೇ ಮಾತು ಸಾಕು. ಒಂದು "ಬಾ". ಮೂವತ್ತು ಅಡಿಯ ಹಗುರ ಹಗ್ಗ ಕೊರಳಪಟ್ಟಿಗೆ ಕಟ್ಟಿ ಎಳೆದುಕೊಂಡು ಓಡಲು ಬಿಡು. ನೀನು ಹಿಡಿದು ಜಗ್ಗಬೇಡ. ಕರೆದಾಗ ಬರದಿದ್ದರೆ ಮಾತ್ರ ಹಗ್ಗದ ತುದಿ ಎತ್ತಿಕೊಂಡು ಮೆಲ್ಲಗೆ ಹತ್ತಿರ ತಂದು, ಬೆನ್ನು ಸವರಿ, ಮತ್ತೆ ಓಡಲು ಬಿಡು. ನಿನ್ನ ಹತ್ತಿರ ಬಂದರೆ ಆಟ ಮುಗಿಯುತ್ತದೆ ಎಂದು ಅದಕ್ಕೆ ಒಮ್ಮೆಯೂ ಅನ್ನಿಸಬಾರದು. ಇನ್ನೊಂದು "ನಿಲ್ಲು". ಅದನ್ನು ಹೊಲದಲ್ಲಿ ಬಾಯಿ ಬಿಟ್ಟು ಹೇಳಲೇಬೇಡ. ಮನೆ ಅಂಗಳದಲ್ಲಿ ಅನ್ನದ ತಟ್ಟೆ ಇಡುವಾಗ, ಗೇಟು ದಾಟುವಾಗ, ಜೀಪಿನಿಂದ ಇಳಿಸುವಾಗ ಮಾತ್ರ ಹೇಳು. ಒಂದೇ ಸಲ, ತಗ್ಗಿದ ದನಿಯಲ್ಲಿ. ಹೊಲಕ್ಕೆ ಆ ಮಾತು ಬರುವ ಕಾಲ ಬಂದಾಗ ಅದಕ್ಕೆ ಆಗಲೇ ಅರ್ಥವಾಗಿರುತ್ತದೆ.

ಇನ್ನು ಗಾಳಿ. ಈ ವಿಷಯದಲ್ಲಿ ನಿನ್ನ ಊರು ನನ್ನ ಊರಿಗಿಂತ ಮೇಲು. ಮೂಡಿಗೆರೆ ಕಡೆಯ ತೋಟದಲ್ಲಿ ಮರದ ನೆರಳು, ಕಾಫಿ ಗಿಡ, ಏರು ಇಳಿವು, ಗಾಳಿ ಎಲ್ಲಿಂದ ಎಲ್ಲಿಗೆ ತಿರುಗುತ್ತದೆ ಎಂದು ನಾಯಿಗೂ ತಿಳಿಯುವುದಿಲ್ಲ. ಕಡೂರಿನ ಬಯಲಲ್ಲಿ ಹಾಗಲ್ಲ. ಆಷಾಢದ ಗಾಳಿಯಲ್ಲಿ ಬೇಡ, ಆಗ ವಾಸನೆ ಚದುರಿಹೋಗಿ ಮರಿ ತಬ್ಬಿಬ್ಬಾಗುತ್ತದೆ. ಈಗಿನ ದಿನಗಳೇ ಸರಿಯಾದ ಕಾಲ. ಬೆಳಿಗ್ಗೆ ಇಬ್ಬನಿ ಇರುತ್ತದೆ, ಮೂಡಣದಿಂದ ತೆಳ್ಳಗೆ ಗಾಳಿ ಬರುತ್ತದೆ. ತೇವ ಇರುವ ನೆಲದ ಹತ್ತಿರ ವಾಸನೆ ನಿಲ್ಲುತ್ತದೆ, ಬಿಸಿಲು ಏರಿ ಮಣ್ಣು ಕಾದರೆ ಅದು ಮೇಲೆದ್ದು ಕರಗಿಹೋಗುತ್ತದೆ. ಒಂದು ಚಿಟಿಕೆ ಒಣ ಮಣ್ಣು ಬಿಟ್ಟು ಗಾಳಿ ಯಾವ ಕಡೆಯಿಂದ ಎಂದು ನೋಡು. ನೀನು ಗಾಳಿಗೆ ಎದುರಾಗಿ ನಡೆ. ನೀನು ಸ್ವಲ್ಪ ಎಡಕ್ಕೆ ತಿರುಗಿದರೆ ಅದು ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ, ಹೀಗೆ ನಿನ್ನ ಮುಂದೆ ಅಡ್ಡಡ್ಡ ಓಡುವುದನ್ನು ತಾನೇ ಕಲಿಯುತ್ತದೆ. ಕೂಗಬೇಕಾಗಿಲ್ಲ, ನಡೆದರೆ ಸಾಕು. ಇಡೀ ಹೊಲವನ್ನು ಮೂಗಿನಿಂದ ಗುಡಿಸುವ ಆ ಓಟ ಒಮ್ಮೆ ಕೂಡಿಬಂದರೆ ನೀನೇ ಮೈಮರೆತು ನಿಲ್ಲುತ್ತೀಯ.

ಹಕ್ಕಿಯ ಮಾತಿಗೆ ಬರುತ್ತೇನೆ. ನಮ್ಮ ಅಜ್ಜಂದಿರ ಕಾಲದ ತೋಟಗಳಲ್ಲಿ ಬೇಟೆಗೆಂದೇ ನಾಯಿ ಸಾಕುತ್ತಿದ್ದರು, ನಿಜ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಗೌಜಲಕ್ಕಿ, ಬುರ್ಲಿ, ಕಾಡುಕೋಳಿ ಯಾವುದರ ಹಿಂದೆಯೂ ಚುಕ್ಕಿಯನ್ನು ಬಿಡಬೇಡ. ಗೌಜಲು ಕೂಗುವ ಬೇಲಿಯ ಪಕ್ಕ ಹೋಗುವಾಗ ಹಗ್ಗ ಕೈಯಲ್ಲಿರಲಿ. ಬಾಸೂರು ಕಾವಲಿನ ಕಡೆಗಂತೂ ನಾಯಿ ಕರೆದುಕೊಂಡು ಹೋಗಲೇಬೇಡ. ಅದು ಕೃಷ್ಣಮೃಗಕ್ಕೆಂದು ಕಾಪಾಡಿದ ಹುಲ್ಲುಗಾವಲು. ನಿನ್ನ ಸ್ವಂತ ಹೊಲವೇ ಸಾಕು. ಪಕ್ಕದ ಮನೆಯ ಪಾರಿವಾಳದ ಗೂಡಿನಲ್ಲಿ ಉದುರಿದ ಗರಿ ಆರಿಸಿ, ಬಟ್ಟೆಯಲ್ಲಿ ಸುತ್ತಿ, ಮರಿಗೆ ಕಾಣದ ಹಾಗೆ ಪೊದೆಯಲ್ಲಿ ಇಡು. ಗಾಳಿಗೆ ಎದುರಾಗಿ ನಡೆಸಿಕೊಂಡು ಅದರ ಹತ್ತಿರ ಕರೆತಾ. ವಾಸನೆ ಸಿಕ್ಕಿ ಅದು ನಿಂತರೆ ನೀನೂ ನಿಲ್ಲು, ಮಾತಾಡಬೇಡ. ಕೋಲಿಗೆ ದಾರ ಕಟ್ಟಿ ರೆಕ್ಕೆ ಆಡಿಸುವ ಆಟವನ್ನು ನೀನು ವಿಡಿಯೋಗಳಲ್ಲಿ ನೋಡಿರುತ್ತೀಯ. ಮರಿ ನಿಲ್ಲುವ ಭಂಗಿ ನೋಡಲು ಒಂದೆರಡು ಸಲ ಸರಿ. ಜಾಸ್ತಿಯಾದರೆ ಮೂಗು ಬಿಟ್ಟು ಕಣ್ಣಿನಿಂದ ಹುಡುಕುವ ಚಾಳಿ ಬೀಳುತ್ತದೆ. ಬದುಕಿರುವ ಪಾರಿವಾಳವನ್ನು ಕಟ್ಟಿಹಾಕಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ಸದ್ದಿನ ವಿಷಯದಲ್ಲಿ ತುಂಬಾ ಹುಷಾರಾಗಿರು. ಸದ್ದಿಗೆ ಬೆದರುವ ಚಾಳಿ ಹೆಚ್ಚಾಗಿ ಮನುಷ್ಯರೇ ಹಚ್ಚಿದ್ದು. ನಮ್ಮ ಕಡೆ ತೋಟಕ್ಕೆ ಆನೆ ಬಂದರೆ ಪಟಾಕಿ ಸಿಡಿಸುತ್ತಾರೆ. ಪರಿಚಯದವರ ಒಂದು ಸ್ಪ್ಯಾನಿಯಲ್ ಮರಿಯ ಪಕ್ಕದಲ್ಲೇ ಹಾಗೆ ಸಿಡಿಸಿದರು. ಈಗ ಬೆಂಕಿಪೊಟ್ಟಣ ಕಂಡರೂ ಅದು ಮಂಚದ ಕೆಳಗೆ ಸೇರುತ್ತದೆ. ಚುಕ್ಕಿ ಖುಷಿಯಿಂದ ದೂರ ಓಡುತ್ತಿರುವಾಗ ಯಾರಾದರೂ ಹೊಲದ ಆ ತುದಿಯಲ್ಲಿ ತಟ್ಟೆ ಬಡಿಯಲಿ. ಅದು ಕಿವಿ ಎತ್ತಿ ನೋಡಿ ಮತ್ತೆ ಆಟಕ್ಕೆ ಬಿದ್ದರೆ ಸರಿ, ಇನ್ನೊಂದು ದಿನ ಸ್ವಲ್ಪ ಹತ್ತಿರದಿಂದ. ಮೈ ಮುದುರಿದರೆ ಅಂದಿಗೆ ನಿಲ್ಲಿಸಿ, ಮುಂದಿನ ಸಲ ಇನ್ನೂ ದೂರದಿಂದ ಶುರು ಮಾಡು. ಜಾತ್ರೆ, ದೀಪಾವಳಿ ದಿನ ಒಳಕೋಣೆಯಲ್ಲಿ ಅಮ್ಮನ ಜೊತೆ ಇರಲಿ.

ಉಳಿದದ್ದು ನಿನಗೆ ಗೊತ್ತಿರುವುದೇ. ಬಿಸಿಲು ಏರುವ ಮುಂಚೆ ಮನೆ ಸೇರಿಸು. ನಾಲಿಗೆ ಅಗಲವಾಗಿ ಜೋತುಬಿದ್ದರೆ ಸಾಕು ಎಂದರ್ಥ, ನೆರಳು, ನೀರು ಕೊಡು. ದಿನಾ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣುಗು ಹುಡುಕು.

ನಮ್ಮ ಕಾಫಿ ಕೊಯ್ಲು ಮುಗಿಯುತ್ತಾ ಬಂತು. ಕಣ ಖಾಲಿಯಾದ ಮೇಲೆ ನಾನೇ ಕಡೂರಿಗೆ ಬರುತ್ತೇನೆ, ಎರಡು ಬೆಳಿಗ್ಗೆ ನಿನ್ನ ಜೊತೆ ಹೊಲದಲ್ಲಿ ನಡೆಯುತ್ತೇನೆ. ಚುಕ್ಕಿಯನ್ನು ನೀನು ಇಲ್ಲಿಗೆ ತರುವುದು ಸದ್ಯಕ್ಕೆ ಬೇಡ. ಮೇಲಿನ ತೋಟದಲ್ಲಿ ಆನೆ ಓಡಾಡುತ್ತಿದೆ, ಸಂಜೆಯಾದರೆ ಚಿರತೆಯ ಭಯವೂ ಇದೆ. ಯಾವ ವಾರ ನಿನಗೆ ಅನುಕೂಲ ಎಂದು ತಿಳಿಸು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸತೀಶ