ಮೈಕಿಗಿಂತ ಮೊದಲು ಕೌದಿ

ಮಾನ್ಯ ಸಂಪಾದಕರೇ,

ಗಿಟಾರ್ ಅಥವಾ ಹಾರ್ಮೋನಿಯಂ ಹಿಡಿದು, ತಮಗೆ ಇಷ್ಟವಾದ ಹಾಡನ್ನು ತಮ್ಮ ದನಿಯಲ್ಲಿ ಹಾಡಿ ಯೂಟ್ಯೂಬಿಗೆ ಹಾಕುವ ಹುಡುಗ ಹುಡುಗಿಯರಿಗೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಈಗ ಬರವಿಲ್ಲ. ದನಿಗಳೂ ಚಲೋ ಇವೆ. ಆದರೆ ಮುಕ್ಕಾಲು ಪಾಲು ಹಾಡು ಬಾವಿಯೊಳಗೆ ಕೂತು ಹಾಡಿದಂತೆ ಕೇಳುತ್ತವೆ. ಇದಕ್ಕೆ ಎಲ್ಲರೂ ಹುಡುಕುವ ಮದ್ದು ಒಂದೇ: ಹೊಸ ಮೈಕ್. ಐದಾರು ಸಾವಿರ ಕೊಟ್ಟು ಕಂಡೆನ್ಸರ್ ಮೈಕ್ ತಂದ ಮೇಲೆ ಬಾವಿ ಇನ್ನಷ್ಟು ಆಳವಾಗುತ್ತದೆ. ಆ ಮೈಕಿನ ಕಿವಿ ಚುರುಕು. ಗಾಯಕಿಯ ದನಿಯ ಜೊತೆಗೆ ನಾಲ್ಕೂ ಗೋಡೆಗಳ ದನಿಯನ್ನು ಅದು ಹಿಡಿದು ಕೊಡುತ್ತದೆ. ದೋಷವಿರುವುದು ಖೋಲಿಯಲ್ಲಿ.

ಕಲ್ಲು ಮಣ್ಣಿನ ಗೋಡೆ, ಜಂತಿ, ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆ ಮನೆಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಯಾವ ಮೇಲ್ಮೈಯೂ ನುಣುಪಲ್ಲ. ನವನಗರದ ಹತ್ತು ಅಡಿ ಚೌಕದ ಆರ್‌ಸಿಸಿ ಖೋಲಿಯಲ್ಲಿ ಗಿಲಾವು ಮಾಡಿದ ಗೋಡೆಗಳು ಎದುರುಬದುರು ನಿಂತಿರುತ್ತವೆ, ಕೆಳಗೆ ಟೈಲ್ಸ್. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ‘ಟರ್ರ್’ ಎಂದು ಬಾಲ ಬಂದರೆ ಆ ಬಾಲ ಹಾಡಿನ ಪ್ರತಿ ಅಕ್ಷರಕ್ಕೂ ಅಂಟುತ್ತದೆ, ಆಮೇಲೆ ಯಾವ ಆ್ಯಪಿನಿಂದಲೂ ಪೂರ್ತಿ ಕಳಚುವುದಿಲ್ಲ. ಮಾರ್ದನಿ ಕೇಳಬೇಕೆಂದರೆ ವಿಜಯಪುರದ ಗೋಳಗುಮ್ಮಟವಿದೆ. ಅದನ್ನು ಮನೆಗೆ ತರುವುದು ಬೇಡ.

ಮದ್ದು ಅಟ್ಟದ ಮೇಲೆಯೇ ಇದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ದಪ್ಪ ಕೌದಿ ಎರಡು, ನೆಲಕ್ಕೊಂದು ಜಮಖಾನೆ. ಕೌದಿಗಳನ್ನು ಹಗ್ಗದ ಮೇಲೆ ಹಾಡುವವರ ಬೆನ್ನ ಹಿಂದೆ ಇಳಿಬಿಡಬೇಕು. ಬಹಳ ಜನ ಮೈಕಿನ ಹಿಂದೆ ಕಟ್ಟುತ್ತಾರೆ, ಅಲ್ಲಿ ಲಾಭ ಕಡಿಮೆ. ಹಾಡುವ ಸಾಮಾನ್ಯ ಮೈಕ್ ಕೇಳುವುದು ತನ್ನ ಎದುರಿನದನ್ನು. ಅದರ ಎದುರಿಗಿರುವುದು ಹಾಡುವವರು ಮತ್ತು ಅವರ ಬೆನ್ನ ಹಿಂದಿನ ಗೋಡೆ. ಕೌದಿಯನ್ನು ಗೋಡೆಗೆ ಒತ್ತಿಸಬಾರದು, ನಾಲ್ಕೈದು ಇಂಚು ಬಿಡಬೇಕು. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗಾಡುವುದಿಲ್ಲ, ಅಲುಗಾಡದ ಗಾಳಿಯಿಂದ ಬಟ್ಟೆ ಏನನ್ನೂ ಹೀರಲಾರದು. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸುವ ಹುಚ್ಚು ಇನ್ನೂ ಹೋಗಿಲ್ಲ. ತೆಳ್ಳನೆಯ ಆ ರಟ್ಟು ಹೀರುವುದು ಅಷ್ಟಕ್ಕಷ್ಟೆ, ಬೆಂಕಿಗೆ ಮಾತ್ರ ಒಳ್ಳೆಯ ತಿನಿಸು. ಖೋಲಿಯಲ್ಲಿ ಸ್ಟೀಲ್ ಪಾತ್ರೆ ಸಾಲಾಗಿ ಜೋಡಿಸಿದ್ದರೆ, ಇಲ್ಲವೇ ತಿಜೋರಿ ಇದ್ದರೆ, ಯಾವುದೋ ಒಂದು ಸ್ವರಕ್ಕೆ ಅವು ತಾವೇ ಝಣಝಣ ಎನ್ನುತ್ತವೆ. ಮೊದಲು ಅವನ್ನು ಹೊರಗಿಡಿ, ಆಗದಿದ್ದರೆ ಮೇಲೊಂದು ಚಾದರ ಹೊದಿಸಿ.

ಕೌದಿ ಒಳಗಿನ ಮಾರ್ದನಿಯನ್ನು ನುಂಗುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಇವೆರಡನ್ನು ಕಲಸಬಾರದು. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮಿನ ಹೊಡೆತ ನೆಲದಿಂದಲೇ ಏರಿ ಬರುತ್ತದೆ, ಅದಕ್ಕೆ ಹತ್ತು ಕೌದಿಯೂ ಸಾಲದು. ಸದ್ದು ತೆಗೆಯುವ ಆ್ಯಪ್ ಬಳಸಿದರೆ ಮಗ್ಗದ ಜೊತೆ ದನಿಯ ಮೈಯೂ ಹೋಗಿ, ನೀರಿನೊಳಗೆ ಮಾತಾಡಿದಂತಾಗುತ್ತದೆ. ಆ ಊರುಗಳಲ್ಲಿ ಕರೆಂಟ್ ಹೋದ ಹೊತ್ತೇ ಶುಭ ಮುಹೂರ್ತ: ಮಗ್ಗ ನಿಂತಿರುತ್ತವೆ, ಫ್ಯಾನು, ಫ್ರಿಜ್ಜು ಎಲ್ಲ ಮೌನ. ಫೋನು ಬ್ಯಾಟರಿಯ ಮೇಲೆ ನಡೆಯುತ್ತದೆ. ಕರೆಂಟ್ ಇದ್ದಾಗಲೂ ಚಾರ್ಜರ್ ಕಿತ್ತೇ ರೆಕಾರ್ಡ್ ಮಾಡಿ, ಅಗ್ಗದ ಚಾರ್ಜರುಗಳು ‘ಗುಂಯ್’ ಎಂಬ ಸದ್ದನ್ನು ಸೇರಿಸುತ್ತವೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಎರಡನೆಯ ಚರಣದಲ್ಲಿ ಕರೆ ಬಂದರೆ ಮತ್ತೆ ಪಲ್ಲವಿಯಿಂದ ಶುರು.

ಖೋಲಿ ಸರಿಯಾದರೆ ಫೋನೇ ಸಾಕು. ಹೆಚ್ಚಿನ ಫೋನುಗಳಲ್ಲಿ ಮುಖ್ಯ ಮೈಕ್ ಕೆಳಗಿನ ಅಂಚಿನ ಸಣ್ಣ ತೂತು. ಆ ಅಂಚು ಬಾಯಿಯತ್ತ ಇರಲಿ, ಒಂದೂವರೆ ಅಡಿ ದೂರ. ಬರಿ ಮೇಜಿನ ಮೇಲೆ ಮಲಗಿಸಬೇಡಿ. ಮಡಚಿದ ಟವೆಲ್ ಹಾಕಿ, ಇಲ್ಲದಿದ್ದರೆ ಕಾಲಿನ ತಾಳವೆಲ್ಲ ಅದಕ್ಕೆ ತಾಗುತ್ತದೆ. ನೇರ ಮುಂದೆ ಇಡದೆ ತುಸು ಪಕ್ಕಕ್ಕೆ ಇಟ್ಟರೆ ಪ, ಬ, ಫ, ಭ ಬಂದಾಗ ಉಸಿರು ಮೈಕಿಗೆ ಹೊಡೆಯುವುದಿಲ್ಲ. ವಚನ ಹಾಡುವವರಿಗೆ ಮಹಾಪ್ರಾಣಗಳ ಈ ಕಾಟ ಹೆಚ್ಚು. ಆ್ಯಪಿನಲ್ಲಿ ಎಂಪಿ3 ಬಿಟ್ಟು, ದನಿಯನ್ನು ಹಿಂಡಿ ಕಿರಿದು ಮಾಡದ ವೇವ್ (wav) ಕಡತ ಆರಿಸಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ನಿಮಿಷಕ್ಕೆ ಸುಮಾರು 9 ಎಂಬಿ ಆಗುತ್ತದೆ, ಆಗಲಿ. ಅತಿ ಎತ್ತರದ ಸ್ವರದಲ್ಲೂ ಆ್ಯಪಿನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು. ಸೊನ್ನೆ ಮುಟ್ಟಿ ಸೀಳಿದ ದನಿಗೆ ಹೊಲಿಗೆ ಇಲ್ಲ. ಮೆಲ್ಲಗಿದ್ದರೆ ಆಮೇಲೆ ಏರಿಸಬಹುದು.

ಗಿಟಾರ್ ಮತ್ತು ದನಿ ಎರಡನ್ನೂ ಒಂದೇ ಫೋನಿನಲ್ಲಿ ಹಿಡಿಯುವಾಗ ಹದ ಸಿಗುವುದು ಫೋನಿನ ಎತ್ತರದಲ್ಲಿ. ಗಿಟಾರ್ ಹೆಚ್ಚಾಯಿತೇ, ಫೋನನ್ನು ನಾಲ್ಕು ಇಂಚು ಮೇಲಕ್ಕೆ ತನ್ನಿ. ಆಮೇಲೆ ಬೇರ್ಪಡಿಸುತ್ತೇನೆ ಎಂದರೆ ಹಾಲಿನಿಂದ ಸಕ್ಕರೆ ತೆಗೆಯುವ ಕೆಲಸ. ಗಿಟಾರಿಗೇ ಬೇರೆ ಮೈಕ್ ಇಡುವುದಾದರೆ ಹನ್ನೆರಡನೆಯ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡಪಟ್ಟಿಯ) ಎದುರು, ಎಂಟು-ಹತ್ತು ಇಂಚು ದೂರ. ನಡುವಿನ ತೂತಿನ ಎದುರು ಇಟ್ಟರೆ ಡೊಳ್ಳು ಬಾರಿಸಿದಂತೆ ಗುಮ್ಮೆನ್ನುತ್ತದೆ. ಹಾರ್ಮೋನಿಯಂ ಜೊತೆ ಇನ್ನೊಂದು ಎಡವಟ್ಟು: ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬುದು ಈಗಿನ ರೂಢಿಯ ಅಳತೆ, ಹಳೆಯ ಪೆಟ್ಟಿಗೆಗಳು ಅದಕ್ಕೆ ಸರಿಯಾಗಿ ಕೂಡಿರುವುದಿಲ್ಲ. ಪೆಟ್ಟಿಗೆಯ ರೀಡು ಬದಲಾಗದು, ತಂತಿಯೇ ಬಗ್ಗಬೇಕು. ಟ್ಯೂನರ್ ಆ್ಯಪಿನಲ್ಲಿ ಪೆಟ್ಟಿಗೆಯ ‘ಎ’ ಸ್ವರ ಎಷ್ಟೆಂದು ನೋಡಿ, 443 ಬಂದರೆ ಆ್ಯಪನ್ನೂ 443ಕ್ಕೆ ಹೊಂದಿಸಿ ಆಮೇಲೆ ಗಿಟಾರ್ ಶ್ರುತಿ ಮಾಡಿ. ಫ್ಯಾನ್ ನಿಲ್ಲಿಸಿದ ಏಪ್ರಿಲ್ ಖೋಲಿಯಲ್ಲಿ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಪ್ರತಿ ಸಲ ಹಾಡುವ ಮುಂಚೆ ಮತ್ತೆ ನೋಡಿಕೊಳ್ಳಿ.

ಮೊದಲು ಗಿಟಾರ್, ಆಮೇಲೆ ಅದನ್ನು ಕೇಳುತ್ತ ದನಿ ರೆಕಾರ್ಡ್ ಮಾಡುವವರು ಬ್ಲೂಟೂತ್ ಇಯರ್‌ಫೋನನ್ನು ಮುಟ್ಟಬಾರದು. ಅದು ಸದ್ದನ್ನು ಸೆಕೆಂಡಿನ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಐದನೆಯ ಒಂದು ಪಾಲು ತಡವಾಗಿ ಕಿವಿಗೆ ಮುಟ್ಟಿಸುತ್ತದೆ. ಹಾಡುವವರು ಕೇಳಿದ್ದಕ್ಕೆ ಸರಿಯಾಗಿಯೇ ಹಾಡಿರುತ್ತಾರೆ, ಕಡತದಲ್ಲಿ ಮಾತ್ರ ದನಿ ತಾಳದ ಹಿಂದೆ ಕುಂಟುತ್ತದೆ. ತಂತಿಯ ಇಯರ್‌ಫೋನೇ ಸರಿ. ವಿಡಿಯೊ ಬೇರೆ ಫೋನಿನಲ್ಲಿ ತೆಗೆಯುತ್ತಿದ್ದರೆ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಎರಡನ್ನೂ ಅದೇ ಗುರುತಿಗೆ ಕೂಡಿಸಿ. ಎಕೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಟಪದ ಸೌಂಡ್ ಸಿಸ್ಟಂನವರಿಗೆ ‘ಎಕೋ ಸ್ವಲ್ಪ ಜಾಸ್ತಿ ಮಾಡ್ರಿ’ ಎಂದು ಹೇಳಿದ ಚಾಳಿ ಆ್ಯಪಿಗೂ ಬಂದಿದೆ. ನಿಮಗೆ ಸಾಕೆನಿಸಿದ್ದರಲ್ಲಿ ಅರ್ಧ ತೆಗೆಯಿರಿ.

ಇನ್ನು ಹಕ್ಕಿನ ಮಾತು. ವಿಡಿಯೊದ ಕೆಳಗೆ ‘ಹಕ್ಕುಸ್ವಾಮ್ಯ ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಬರೆದರೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಸ್ವತ್ತು. ಬರೆದವರು ತೀರಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ: ಬೇಂದ್ರೆಯವರು ತೀರಿದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ. ಕೂಡಲಸಂಗಮದ ಅಂಕಿತದ ವಚನ 12ನೆಯ ಶತಮಾನದ್ದು, ಅದು ಎಲ್ಲರ ಸೊತ್ತು. ಆದರೆ ಅದಕ್ಕೆ ಈಚೆಗೆ ಒಬ್ಬರು ಹಾಕಿದ ಧಾಟಿ ಅವರದೇ. ಸಿದ್ಧ ಟ್ರ್ಯಾಕ್ ಹಾಕಿ ಹಾಡಿದರೆ ಧ್ವನಿಮುದ್ರಣದ ಹಕ್ಕೂ ಅಡ್ಡ ಬರುತ್ತದೆ, ತಾವೇ ಗಿಟಾರ್ ನುಡಿಸಿದರೆ ಆ ಒಂದು ತೊಡಕು ತಪ್ಪುತ್ತದೆ. ಕಾಯ್ದೆಯ 31ಸಿ ಕಲಮಿನಲ್ಲಿ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ಮುದ್ರಿಸುವುದಕ್ಕೆ, ದಾರಿ ಇದೆ ಎಂದು ಕೆಲವರು ಹೇಳುತ್ತಾರೆ. ಇದೆ, ಆದರೆ ಅದಕ್ಕೆ ಮೂಲ ಹಾಡು ಬಂದು ಐದು ವರ್ಷ ಕಳೆದಿರಬೇಕು, ಮುಂಚೆ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಮನೆಯಲ್ಲಿ ಹಾಡುವವರಿಗೆ ನಿಲುಕುವ ಮಾತಲ್ಲ. ಯೂಟ್ಯೂಬಿನಲ್ಲಿ ಸಾಮಾನ್ಯವಾಗಿ ಆಗುವುದು ‘ಕ್ಲೇಮ್’: ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ. ಅದಕ್ಕೆ ಹೆದರಿ ಹಾಡು ಅಳಿಸುವ ಅಗತ್ಯವಿಲ್ಲ. ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ‘ಸ್ಟ್ರೈಕ್’ ಬೇರೆ, 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಕಾನೂನು ಏನೇ ಇರಲಿ, ಹೆಸರು ಹಾಕಲು ದುಡ್ಡು ಬೀಳುವುದಿಲ್ಲ. ಸಾಹಿತ್ಯ, ರಾಗ ಸಂಯೋಜನೆ, ಮೂಲ ಗಾಯನ, ಈ ಗಾಯನ, ವಾದ್ಯ: ಐದು ಸಾಲು ಸಾಕು. ಬೀಸುವ ಪದ, ಸೋಬಾನೆ ಪದವಾದರೆ ಬರಿ ‘ಜಾನಪದ’ ಎನ್ನದೆ ಯಾವ ಊರಿನಲ್ಲಿ, ಯಾರ ಬಾಯಿಂದ ಕಲಿತದ್ದೆಂದು ಅವರನ್ನು ಕೇಳಿಯೇ ಬರೆಯಿರಿ. ಪತ್ರಿಕೆಗಳಿಗೂ ಒಂದು ಕೋರಿಕೆ. ಜಿಲ್ಲಾ ಪುಟದಲ್ಲಿ ‘ಲಕ್ಷ ವೀಕ್ಷಣೆ ಕಂಡ ಹಾಡು’ ಎಂದು ಸುದ್ದಿ ಮಾಡುವಾಗ ಹಾಡಿದವರ ಫೋಟೋದ ಕೆಳಗೆ ಬರೆದವರ ಮತ್ತು ಧಾಟಿ ಹಾಕಿದವರ ಹೆಸರನ್ನೂ ಒಂದು ಸಾಲಿನಲ್ಲಿ ಅಚ್ಚು ಮಾಡಿ.

– ಹವ್ಯಾಸಿ ವಾದ್ಯಗಾರರು, ಬಾಗಲಕೋಟೆ