ಮಕ್ಕಳ ಪುಟದಲ್ಲಿ ಆ ಫೋಟೋ ಹಾಕ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಮಕ್ಕಳ ಪುಟದಲ್ಲಿ ಬರೋ ಪ್ರಯೋಗ, ಕ್ರಾಫ್ಟುಗಳನ್ನ ನಮ್ಮನೇಲಿ ಕತ್ತರಿಸಿ ಫೈಲ್ ಮಾಡಿ ಇಟ್ಕೋತೀವಿ, ಹಾಗಾಗಿ ಇದನ್ನ ಜಗಳದ ಪತ್ರ ಅಂದ್ಕೋಬೇಡಿ. ಒಂದೇ ಒಂದು ಬೇಡಿಕೆ. ಮಾಡಿ ಮುಗಿಸಿದ ಮಾಡೆಲ್ಲಿನ ಫೋಟೋನ ಅಷ್ಟು ದೊಡ್ಡದಾಗಿ ಮೇಲ್ಗಡೆ ಹಾಕ್ಬೇಡಿ, ಆಗಲ್ಲ ಅಂದ್ರೆ ಮುಂದಿನ ವಾರ ಹಾಕಿ.

ಯಾಕೆ ಅಂದ್ರೆ, ನನ್ನ ಒಂಬತ್ತು ವರ್ಷದ ಮಗ ಮೊನ್ನೆ ನ್ಯೂಟನ್ ಚಕ್ರ ಮಾಡೋಕೆ ಕೂತಿದ್ದ. ರಟ್ಟನ್ನ ದುಂಡಗೆ ಕತ್ತರಿಸಿ, ಏಳು ಭಾಗ ಮಾಡಿ ಏಳು ಬಣ್ಣ ಬಳಿದು, ನಡುವೆ ಪೆನ್ಸಿಲ್ ಚುಚ್ಚಿ ಬುಗುರಿ ಥರ ತಿರುಗಿಸಿದ. ತಿರುಗುವಾಗ ಏಳೂ ಬಣ್ಣ ಬೆರೆತು ಬಿಳಿ ಕಾಣ್ಬೇಕು ಅನ್ನೋದು ಇದರ ಆಟ. ನಿಮ್ಮ ಫೋಟೋದಲ್ಲಿ ಹಾಲಿನಂಥ ಬಿಳಿ ಇತ್ತು, ಇವನಿಗೆ ಬಂದಿದ್ದು ಒಂಥರಾ ಕೊಳೆ ಬೂದು. 'ನಂದು ಫೇಲಾಯ್ತಮ್ಮಾ' ಅಂತ ಮೂಲೆಗೆ ಎಸೆದ. ಅಯ್ಯೋ, ಅದು ಫೇಲೇ ಅಲ್ಲ! ಬಣ್ಣ ಬಳಿದ ರಟ್ಟು ತನ್ನ ಮೇಲೆ ಬಿದ್ದ ಬೆಳಕಲ್ಲಿ ಸುಮಾರು ಪಾಲನ್ನ ನುಂಗ್ಬಿಡುತ್ತೆ, ಮಿಕ್ಕಿದ್ದನ್ನಷ್ಟೇ ವಾಪಸ್ ಕಳಿಸುತ್ತೆ, ಅದಕ್ಕೇ ಏಳೂ ಸೇರಿದ್ರೂ ಬಿಳೀ ಹಾಳೆಯಿಂದ ಬರೋವಷ್ಟು ಬೆಳಕು ಕಣ್ಣಿಗೆ ಬರಲ್ಲ, ಬೂದು ಕಾಣೋದೇ ಸರಿ. 'ಯಾಕೆ ಬೂದು?' ಅಂತ ಅವನು ಕೇಳ್ಬೇಕಿತ್ತು, ಆ ಫೋಟೋ ನೋಡಿ ಕೇಳೋದನ್ನೇ ಬಿಟ್ಟ.

ಫೋಟೋ ಇಲ್ದೇ ಮಾಡಿದ್ದು ಸ್ಕೆಚ್ ಪೆನ್ ಆಟ. ಟಿಶ್ಯೂ ಪೇಪರಿನ ಪಟ್ಟಿ, ಅದರ ತುದಿಯಿಂದ ಎರಡು ಬೆರಳು ಮೇಲೆ ಕಪ್ಪು ಚುಕ್ಕಿ, ತುದಿ ನೀರಲ್ಲಿ, ಅಷ್ಟೇ. ಮೊದಲನೇ ಸಲ ಚುಕ್ಕೀನೇ ನೀರಿಗೆ ಮುಳುಗಿಸಿದ, ಬಣ್ಣ ಎಲ್ಲಾ ಲೋಟಕ್ಕೆ ಇಳೀತು. ಎರಡನೇ ಸಲ ಕೈಗೆ ಸಿಕ್ಕಿದ ಮಾರ್ಕರ್ ತಗೊಂಡ, ನೀರು ಮೇಲಕ್ಕೆ ಏರ್ತಾ ಇದೆ ಚುಕ್ಕಿ ಮಾತ್ರ ಕೂತಲ್ಲೇ ಕೂತಿದೆ. ಹತ್ತು ನಿಮಿಷ ಅದನ್ನೇ ದಿಟ್ಟಿಸಿ ಕೂತಿದ್ದ, ಆಮೇಲೆ ಪೆನ್ನಿನ ಮೇಲೆ ಪರ್ಮನೆಂಟ್ ಅಂತ ಬರೆದಿರೋದನ್ನ ತಾನೇ ಓದಿ 'ಇದು ನೀರಲ್ಲಿ ಕರಗಲ್ಲ ಅಲ್ವಾ' ಅಂದ. ನೀರಿನ ಬದ್ಲು ಸ್ಯಾನಿಟೈಜರ್ ಹಾಕಿ ನೋಡೋಣ ಅಂದೆ (ಇದಕ್ಕೆ ದೊಡ್ಡೋರು ಪಕ್ಕದಲ್ಲಿರಿ, ಬೆಂಕಿ ಹತ್ರ ಬೇಡ್ವೇ ಬೇಡ), ಅದರಲ್ಲಿರೋ ಆಲ್ಕೋಹಾಲಿಗೆ ಮಾರ್ಕರ್ ಇಂಕೂ ಹೊರಟೇಬಿಡ್ತು. ಕೊನೆಗೆ ಮಾಮೂಲಿ ಸ್ಕೆಚ್ ಪೆನ್ ಸಿಕ್ಕಿ, ಕಪ್ಪೊಳಗಿಂದ ನೀಲಿ, ಗುಲಾಬಿ, ಹಳದಿ ಒಂದೊಂದೇ ಬಿಡಿಸಿಕೊಂಡು ಬಂದಾಗ ಆ ಮುಖ ನೋಡ್ಬೇಕಿತ್ತು ನೀವು. ಪೇಪರಿಗೆ ಜಾಸ್ತಿ ಅಂಟೋ ಬಣ್ಣ ಹಿಂದೆ ಉಳಿಯುತ್ತೆ, ನೀರಿನ ಜೊತೆ ಸಲೀಸಾಗಿ ಹೋಗೋದು ಮುಂದೆ ಓಡುತ್ತೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ಬಣ್ಣಗಳನ್ನ ಬೇರೆ ಮಾಡಿದ್ದೂ ಇದೇ ಉಪಾಯದಿಂದ, ಅವರದ್ದು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆ, 1906ರಲ್ಲಿ ಅದಕ್ಕೆ ಕ್ರೊಮ್ಯಾಟೊಗ್ರಫಿ ಅಂತ ಹೆಸರಿಟ್ಟರು. ತಮಾಷೆ ಅಂದ್ರೆ ರಷ್ಯನ್ನಲ್ಲಿ ತ್ಸ್ವೆಟ್ ಅಂದ್ರೇನೇ ಬಣ್ಣ. ಒಣಗಿದ ಟಿಶ್ಯೂಗಳನ್ನ ನಡುವೆ ಹಿಸುಕಿ ಬಟ್ಟೆ ಕ್ಲಿಪ್ ಹಾಕಿದ, ಚಿಟ್ಟೆ ಆಯ್ತು, ಈಗ ಕಿಟಕಿ ತುಂಬಾ ಚಿಟ್ಟೆ. ಇದರಲ್ಲಿ ಎಷ್ಟು ಸೈನ್ಸು ಎಷ್ಟು ಕ್ರಾಫ್ಟು ಅಂತ ಕೇಳಿದ್ರೆ ನನಗೆ ಗೊತ್ತಿಲ್ಲಪ್ಪ.

ಫೋಟೋದಿಂದ ಇನ್ನೊಂದು ತೊಂದ್ರೆ ನಮ್ಮಂಥ ದೊಡ್ಡೋರದ್ದು. ಹಾಗೇ ಬರ್ಬೇಕು ಅನ್ನೋ ಹಠಕ್ಕೆ ಬಿದ್ದು 'ಕೊಡಿಲ್ಲಿ' ಅಂತ ಮಗು ಕೈಯಿಂದ ಕತ್ತರಿ ಕಿತ್ಕೋತೀವಿ. ನಾನೂ ಕಿತ್ಕೊಂಡಿದೀನಿ, ಸುಳ್ಳು ಯಾಕೆ ಹೇಳ್ಲಿ. ರೆಡಿಮೇಡ್ ಕಿಟ್ಟುಗಳದ್ದೂ ಅದೇ ಕಥೆ, ಎಲ್ಲಾ ಮೊದಲೇ ಕತ್ತರಿಸಿ ತೂತು ಹಾಕಿ ಇಟ್ಟಿರ್ತಾರೆ, ತಪ್ಪು ಮಾಡೋಕೆ ಜಾಗಾನೇ ಇರಲ್ಲ.

ಹಾಂ, ಫೋಟೋ ತೆಗೆದ್ರೆ ಉಳಿಯೋ ಜಾಗಕ್ಕೆ ಎಚ್ಚರಿಕೆ ಹಾಕಿ. ಎಲ್‌ಇಡಿ ಹಚ್ಚೋ ಕ್ರಾಫ್ಟಲ್ಲಿ ಬಟನ್ ಸೆಲ್ (ಅಂಗಿ ಗುಂಡಿ ಥರದ ಪುಟ್ಟ ಬ್ಯಾಟರಿ) ಬರುತ್ತಲ್ಲ, ಅದನ್ನ ಚಿಕ್ಕ ಮಗು ನುಂಗಿದ್ರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯ ಆಗ್ಬಹುದು, ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಅದನ್ನ ದಪ್ಪ ಅಕ್ಷರದಲ್ಲೇ ಹಾಕಿ.

ಫೋಟೋ ಇಲ್ದೇ ಬರೀ ಪ್ರಶ್ನೆ ಹಾಕೋದು ಹೇಗೆ ಅಂತೀರಾ? ಒಂದು ಸ್ಯಾಂಪಲ್ ಕೊಡ್ತೀನಿ. ಉದ್ದದ ಕಾಗದದ ಪಟ್ಟಿ ತಗೊಂಡು, ಒಂದು ತುದೀನ ಅರ್ಧ ಸುತ್ತು ತಿರುಚಿ ಇನ್ನೊಂದು ತುದಿಗೆ ಅಂಟಿಸಿ. ಮೋಬಿಯಸ್ ಮತ್ತು ಲಿಸ್ಟಿಂಗ್ ಅನ್ನೋ ಇಬ್ಬರು ಜರ್ಮನ್ ಗಣಿತಜ್ಞರು 1858ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಪಟ್ಟಿ ಇದು. ಇದರ ಮೇಲೆ ಕ್ರೆಯಾನ್ ಎತ್ತದೇ ಬಣ್ಣ ಹಚ್ತಾ ಹೋದ್ರೆ ಎರಡೂ ಮಗ್ಗುಲು ತುಂಬಿರುತ್ತೆ, ಯಾಕಂದ್ರೆ ಇದಕ್ಕೆ ಇರೋದೇ ಒಂದು ಮಗ್ಗುಲು. ಸರಿಯಾಗಿ ನಡುಮಧ್ಯ ಉದ್ದಕ್ಕೂ ಕತ್ತರಿಸಿದ್ರೆ ಎರಡು ಉಂಗುರ ಆಗಲ್ಲ, ಒಂದೇ ದೊಡ್ಡ ಉಂಗುರ ಬಿಚ್ಚಿಕೊಳ್ಳುತ್ತೆ. ಇನ್ನೊಂದು ಪಟ್ಟಿ ಮಾಡಿ ನಡುಮಧ್ಯ ಬಿಟ್ಟು, ಅಂಚಿಂದ ಮೂರನೇ ಒಂದು ಭಾಗದಲ್ಲಿ ಕತ್ತರಿಸ್ತಾ ಹೋದ್ರೆ ಏನಾಗುತ್ತೆ ಅಂತ ನಾನು ಇಲ್ಲಿ ಬರೆಯಲ್ಲ. ಕತ್ತರಿ ತಗೊಳ್ಳಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬ ತಾಯಿ