ಗರ್ಭಕೋಶದ ಬಾಯಿ ಕ್ಯಾನ್ಸರ್: 'ಸ್ವಚ್ಛತೆ' ಅಂತ ಬರೆದು ಕೈ ತೊಳ್ಕೋಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪುರವಣೀಲಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಬಂದ ಲೇಖನ ಓದ್ದೆ. ಲಕ್ಷಣ ಎಲ್ಲಾ ಚೆನ್ನಾಗೇ ಬರ್ದಿದ್ರು, ಕಾರಣ ಅನ್ನೋ ಕಡೆ ಬಂದಾಗ ಮಾತ್ರ 'ವೈಯಕ್ತಿಕ ಸ್ವಚ್ಛತೆಯ ಕೊರತೆ' ಅಂತ ಒಂದು ಸಾಲು ಹಾಕಿ ಮುಂದಕ್ಕೆ ಹೋಗ್ಬಿಟ್ಟಿದ್ದಾರೆ. ಇಡೀ ಪುಟದಲ್ಲಿ ಈ ಕ್ಯಾನ್ಸರಿಗೆ ಮೂಲವಾದ ಎಚ್‌ಪಿವಿ ಅನ್ನೋ ಹೆಸರಿಲ್ಲ, ಅದು ಲೈಂಗಿಕ ಸಂಪರ್ಕದಿಂದ ಹರಡೋ ವೈರಸ್ ಅನ್ನೋದಂತೂ ಇಲ್ವೇ ಇಲ್ಲ. ಮನೆಮಂದಿಯೆಲ್ಲಾ ಓದೋ ಪೇಪರ್ ಅಂತ ಸಂಕೋಚ ಇರ್ಬಹುದು, ಅದೇ ಪುಟದ ಕೆಳಗೆ 'ಪುರುಷ ಶಕ್ತಿ' ಮಾತ್ರೆ ಜಾಹೀರಾತು ಹಾಕೋಕೆ ಆ ಸಂಕೋಚ ಅಡ್ಡ ಬಂದಿಲ್ಲ ನೋಡಿ.

ಈ ಸ್ವಚ್ಛತೆ ಮಾತು ಏನು ಮಾಡುತ್ತೆ ಅಂತ ನಮ್ಮನೇಲೇ ನೋಡಿದೀನಿ. ನನ್ನ ವಾರಗಿತ್ತಿಗೆ ಬಿಳಿ ಮುಟ್ಟು ಹೋಗ್ತಿತ್ತು, ವಾಸನೆ ಬೇರೆ. ಕ್ಲೀನ್ ಸಾಲ್ದು ಅನ್ಕೊಂಡು ಎರಡು ಹೊತ್ತೂ ಆಂಟಿಸೆಪ್ಟಿಕ್ ಹಾಕಿದ ನೀರಲ್ಲಿ ಒಳಗೆಲ್ಲಾ ತೊಳ್ದು ಉರಿ ಇನ್ನೂ ಜಾಸ್ತಿ ಮಾಡ್ಕೊಂಡ್ಳು. ಒಂದು ನರ್ಸಿಂಗ್ ಹೋಂನಲ್ಲಿ ಪರೀಕ್ಷೆಯನ್ನೂ ಮಾಡ್ದೆ 'ಗರ್ಭಕೋಶ ತೆಗೆಸ್ಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ' ಅಂದ್ರು. ನಾನೇ ಕೈಹಿಡಿದು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಸೋಂಕಿಗೆ ಮಾತ್ರೆ ಕೊಟ್ಟು ಗಂಡನೂ ನುಂಗ್ಬೇಕು ಅಂದ್ರು. ಮೈದುನ ಹೊರಗೆ ಬೈಕ್ ಮೇಲೆ ಕೂತಿದ್ದ, 'ನಂಗೇನಾಗಿದೆ' ಅಂದ. ತಿಂಗಳಾದ್ಮೇಲೆ ಆ ಪೊಟ್ಟಣ ಬೈಕ್ ಬಾಕ್ಸಲ್ಲಿ ಒಡೀದೆ ಹಾಗೇ ಸಿಕ್ತು, ಅಷ್ಟೊತ್ತಿಗೆ ಇವಳಿಗೆ ಮತ್ತೆ ಶುರು.

ಎರಡನೇ ಸಲ ಇಬ್ರೂ ನುಂಗಿದ್ರು. ಆಮೇಲೆ ವಿನೆಗರ್ ಥರದ ನೀರು ಹತ್ತೀಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿ, ಗಡಿಯಾರ ನೋಡ್ಕೊಂಡು ಒಂದು ನಿಮಿಷ ಬಿಟ್ಟು ಲೈಟ್ ಹಾಕಿ ನೋಡಿದ್ರೆ ಒಂದು ಕಡೆ ಬೆಳ್ಳಗೆ ಮಚ್ಚೆ. ಜಿಲ್ಲಾಸ್ಪತ್ರೇಲಿ ಚೂರು ತೆಗೆದು ಟೆಸ್ಟ್ ಮಾಡಿದ್ರು, ಕ್ಯಾನ್ಸರ್ ಅಲ್ಲ, ಅದಕ್ಕೂ ಮುಂಚಿನ ಹಂತ. ಅಷ್ಟು ಜಾಗ ಮಾತ್ರ ಸುಟ್ಟು ತೆಗೆದ್ರು. ಗರ್ಭಕೋಶ ಇದ್ದ ಹಾಗೇ ಇದೆ.

ಅಲ್ಲಿ ಗೊತ್ತಾಗಿದ್ದು ಮೊದಲಿನ ಸೋಂಕು, ಈ ಮಚ್ಚೆ ಎರಡೂ ಬೇರೆ ಬೇರೆ ಅಂತ. ಮಾತ್ರೆಗೆ ಹೋಗೋದು ಕ್ಲಾಮಿಡಿಯ, ಗೊನೋರಿಯ ಥರದ ಲೈಂಗಿಕ ಸೋಂಕು, ಎಷ್ಟೋ ಹೆಂಗಸರಿಗೆ ಲಕ್ಷಣವೇ ಇರಲ್ಲ, ಬಿಟ್ರೆ ಮೇಲಕ್ಕೆ ಹತ್ತಿ ಟ್ಯೂಬ್ ಬ್ಲಾಕ್ ಆಗಿ ಮಕ್ಕಳಾಗೋದೂ ಕಷ್ಟ. ಮಚ್ಚೆಗೆ ಕಾರಣ ಎಚ್‌ಪಿವಿ, ಅದಕ್ಕೆ ಮಾತ್ರೆ ಇಲ್ಲ. ಹೆಚ್ಚಿನೋರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ, ಹೋಗದೆ ಕೂತ್ಕೊಂಡ್ರೆ 15-20 ವರ್ಷ ತಗೊಂಡು ಕ್ಯಾನ್ಸರ್ ಆಗ್ಬಹುದು, ಅದ್ರಲ್ಲಿ 16, 18 ಅನ್ನೋ ಎರಡು ತಳಿಗಳೇ 100ಕ್ಕೆ 70ರಷ್ಟು ಕ್ಯಾನ್ಸರಿಗೆ ಕಾರಣ. ಎಚ್‌ಐವಿ ಇರೋ ಹೆಂಗಸರಿಗೆ ಅಪಾಯ 6 ಪಟ್ಟು. ಇನ್ನೊಂದು ಮಾತು, ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತೆ, ಯಾರಿಂದ ಯಾವಾಗ ಬಂತು ಅಂತ ಹೇಳೋಕೆ ಬರಲ್ಲ, ಹಾಗಾಗಿ ರಿಪೋರ್ಟ್ ಹಿಡ್ಕೊಂಡು 'ಎಲ್ಲಿಗೆ ಹೋಗಿದ್ದೆ' ಅಂತ ಜಗಳ ತೆಗೆಯೋದ್ರಲ್ಲಿ ಅರ್ಥ ಇಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂದಿದೆ, ಹತ್ತಿರ ಹತ್ತಿರ 80 ಸಾವಿರ ಸಾವು. 30ರಿಂದ 49 ವರ್ಷದೋರಲ್ಲಿ ಒಂದ್ಸಲನಾದ್ರೂ ಪರೀಕ್ಷೆ ಮಾಡಿಸ್ಕೊಂಡೋರು 100ಕ್ಕೆ ಇಬ್ರೂ ಇಲ್ಲ ಅಂತ ಕೇಂದ್ರದ ಕುಟುಂಬ ಆರೋಗ್ಯ ಸಮೀಕ್ಷೇನೇ ಹೇಳಿತ್ತು. ಸ್ವಚ್ಛತೆ ಇಲ್ಲದೇ ಬರೋ ಕಾಯಿಲೆ ಅಂದ್ರೆ 'ನಾನು ಕ್ಲೀನಾಗಿದೀನಿ, ನಂಗ್ಯಾಕೆ' ಅಂತ ಯಾರಾದ್ರೂ ಅನ್ನೋದೇ.

ಎಚ್‌ಪಿವಿ ಲಸಿಕೆ ಕಥೆಯೂ ಅಷ್ಟೇ. ವೈರಸ್ ತಗಲೋಕೆ ಮುಂಚೆ ಹಾಕಿದ್ರೆ ಪೂರ್ತಿ ಉಪಯೋಗ, ಅದಕ್ಕೇ 9ರಿಂದ 14 ವರ್ಷ ಅನ್ನೋದು. ನನ್ನ ಮಗಳು ಆರನೇ ಕ್ಲಾಸು, ಹಾಕಿಸ್ತೀನಿ ಅಂದಾಗ ನಮ್ಮತ್ತೆ 'ಇಷ್ಟು ಚಿಕ್ಕ ಹುಡುಗಿಗೆ ಅದ್ಯಾಕೆ' ಅಂದ್ರು. ಮುಚ್ಚುಮರೆ ಇಲ್ದೆ ಹೇಳ್ದೆ. ಕೊತ್ತಂಬರಿ ಸೊಪ್ಪು ಬಿಡಿಸ್ತಾ ಎಲ್ಲಾ ಕೇಳಿ, 'ಹಂಗಾದ್ರೆ ಗಂಡುಡುಗರಿಗೂ ಹಾಕ್ಸ್ಬೇಕಲ್ವೇನೇ' ಅಂದ್ರು. ಹಾಕಿಸ್ಬಹುದು. 70 ದಾಟಿದ ಅತ್ತೆಗೆ ಎರಡು ನಿಮಿಷಕ್ಕೆ ಹೊಳೆದ ಪ್ರಶ್ನೆ ನಿಮ್ಮ ಇಡೀ ಪುಟದಲ್ಲಿ ಇರ್ಲಿಲ್ಲ.

ದಯವಿಟ್ಟು ಹೆಸರು ಹಾಕ್ಬೇಡಿ, ಮೈದುನನೂ ನಿಮ್ಮ ಪೇಪರೇ ಓದೋದು.

- ಒಬ್ಬ ಓದುಗಿ, ದಾವಣಗೆರೆ ಜಿಲ್ಲೆ